ಪ್ರಬಂಧಕ್ಕೆ ವಿಷಯ ಆರಿಸುವವರಿಗೆ ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರಿಗೆ, ಪ್ರಶ್ನೆಪತ್ರಿಕೆ ತಯಾರಿಸುವವರಿಗೆ, ಕಲೋತ್ಸವದಲ್ಲಿ ಪ್ರಬಂಧಕ್ಕೆ ವಿಷಯ ಕೊಡುವವರಿಗೆ ಮತ್ತು ತೀರ್ಪುಗಾರರಿಗೆ,

ನಮಸ್ಕಾರ.

ಮಕ್ಕಳಿಗೆ ಕೊಡುವ ಪ್ರಬಂಧದ ವಿಷಯಗಳ ಬಗ್ಗೆ ನಿಮ್ಮಲ್ಲಿ ಒಂದು ಕೋರಿಕೆ ಇದೆ. ಪರಿಚಯದ ಕೆಲವರ ಹತ್ತಿರ ಹೇಳಿ ನೋಡಿದ್ದೇನೆ. "ಹೌದು ಟೀಚರ್, ನೀವು ಹೇಳುವುದು ಸರಿ" ಅಂತಾರೆ. ಮುಂದಿನ ಸಲ ಮತ್ತೆ ಅದೇ ವಿಷಯ, ಅದೇ ರೀತಿ. ಹಾಗಾಗಿ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಬದಿಯಡ್ಕದ ಕಡೆಯವಳು. ಸಂಜೆ ಹೊತ್ತು ಮನೆಯ ಜಗಲಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಹೆಚ್ಚಿನವರ ಮನೆಮಾತು ತುಳು. ಕೆಲವರದು ಮಲಯಾಳ, ಕೊಂಕಣಿ, ಮರಾಟಿ, ಹವ್ಯಕ. ಶಾಲೆಯಲ್ಲಿ ಕನ್ನಡ. ಬಸ್ಸಿನಲ್ಲಿ, ಪಂಚಾಯತು ಆಫೀಸಿನಲ್ಲಿ ಮಲಯಾಳ. ಇಷ್ಟು ಭಾಷೆಗಳಲ್ಲಿ ಪಟಪಟ ಮಾತಾಡುವ ಮಕ್ಕಳು ಪ್ರಬಂಧ ಬರೆಯಲು ಕೂತರೆ ಮಾತ್ರ ಸ್ವಂತದ್ದು ಒಂದು ವಾಕ್ಯವೂ ಬರುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ವಿಷಯ: ಕನ್ನಡ ರಾಜ್ಯೋತ್ಸವ. ಎಂಟನೇ ತರಗತಿಯ ಹುಡುಗಿ ಬರೆದಿದ್ದಾಳೆ, "ನಮ್ಮ ರಾಜ್ಯ ಕರ್ನಾಟಕ. ನಮ್ಮ ರಾಜ್ಯದಲ್ಲಿ 31 ಜಿಲ್ಲೆಗಳಿವೆ." ಮಂಗಳೂರಿನಿಂದ ತಂದ ಪ್ರಬಂಧ ಮಾಲೆಯಲ್ಲಿ ಹಾಗಿದೆ, ಹಾಗೇ ಇಳಿಸಿದ್ದಾಳೆ. ಅವಳಿರುವುದು ಕೇರಳದಲ್ಲಿ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡನ್ನು ತೆಗೆದು ಕೇರಳಕ್ಕೆ ಸೇರಿಸಿದರು. ಅದೇ ದಿನ ಅವಳ ಶಾಲೆಯಲ್ಲಿ ಕೇರಳಪ್ಪಿರವಿ, ಅಂದರೆ ಕೇರಳ ಹುಟ್ಟಿದ ದಿನ, ಆಚರಿಸುತ್ತಾರೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು 1967ರಲ್ಲಿ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ್ ಆಯೋಗ ಹೇಳಿತು. ಆ ವರದಿ ಜಾರಿಯಾಗಲೇ ಇಲ್ಲ. ಅದಕ್ಕಾಗಿ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಇದೇ ಪೆರಡಾಲದಲ್ಲಿ ಮೇಷ್ಟ್ರಾಗಿದ್ದರು, ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು. ಒಂದೇ ದಿನ ಎರಡು ರಾಜ್ಯಗಳ ಹುಟ್ಟುಹಬ್ಬದ ನಡುವೆ ನಿಂತ ಹುಡುಗಿಗೆ ಬರೆಯಲು ಎಷ್ಟೆಲ್ಲ ಇತ್ತು! ಅವಳ ತಪ್ಪು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಅವಳು ಎಲ್ಲಿ ಕೂತು ಬರೆಯುತ್ತಾಳೆ ಎಂದು ಅವಳಿಗೆ ಕೊಟ್ಟ ಪ್ರಶ್ನೆ ಕೇಳಲೇ ಇಲ್ಲ.

ನೀವು ಕೊಡುವ ವಿಷಯಗಳು ಕೆಟ್ಟವಲ್ಲ. ನಾಟಕ, ಆಕಾಶ, ನೀತಿ, ವಿಜ್ಞಾನ, ಸಂವಿಧಾನ ಎಲ್ಲವೂ ಮಕ್ಕಳು ಯೋಚಿಸಬೇಕಾದ ವಿಷಯಗಳೇ. ಅವುಗಳನ್ನು ಈ ಮಣ್ಣಿನಲ್ಲಿ ನಿಂತು ಕೇಳಿ ಎನ್ನುವುದಷ್ಟೇ ನನ್ನ ಕೋರಿಕೆ.

'ವಿಜ್ಞಾನ ವರವೋ ಶಾಪವೋ' ಎಂಬ ವಿಷಯ ತೆಗೆದುಕೊಳ್ಳಿ. ನಾನು ಶಾಲೆಗೆ ಹೋಗುವಾಗಲೂ ಇತ್ತು, ಈಗಲೂ ಇದೆ. ಮಕ್ಕಳು ಬರೆಯುವುದು ಹೀಗೆ: ಪೀಠಿಕೆಯಲ್ಲಿ ನಾಣ್ಯಕ್ಕೆ ಎರಡು ಮುಖ. ವರದ ಪುಟದಲ್ಲಿ ಕರೆಂಟು, ವಿಮಾನ, ಮೊಬೈಲು. ಶಾಪದ ಪುಟದಲ್ಲಿ ಹಿರೋಶಿಮಾ. ಉಪಸಂಹಾರದಲ್ಲಿ, ಎಲ್ಲವೂ ನಾವು ಬಳಸುವ ರೀತಿಯಲ್ಲಿದೆ. ಹೀಗೆ ಬರೆದವರಲ್ಲಿ ಎಣ್ಮಕಜೆ ಪಂಚಾಯತಿನ ಹುಡುಗಿಯೊಬ್ಬಳಿದ್ದಳು. "ನಿಮ್ಮ ಅಜ್ಜಿ ಗೇರು ತೋಟದಲ್ಲಿ ಕೆಲಸಕ್ಕೆ ಹೋಗುತ್ತಿದ್ದರು ಅಲ್ವಾ? ಅವರನ್ನು ಕೇಳಿಕೊಂಡು ಬಾ" ಎಂದೆ.

ಮರುದಿನ ಬಂದು ಹೇಳಿದಳು. ತೋಟಕ್ಕೆ ಕೀಟನಾಶಕ ಸಿಂಪಡಿಸುವ ಹೆಲಿಕಾಪ್ಟರ್ ಬರುವ ದಿನ ಮೊದಲೇ ತಿಳಿಸುತ್ತಿದ್ದರಂತೆ, ಬಾವಿ ಮುಚ್ಚಿಕೊಳ್ಳಿ ಅಂತ. ಅಜ್ಜಿ ಬಾವಿಕಟ್ಟೆಗೆ ಅಡ್ಡ ಕೋಲು ಹಾಕಿ ಮೇಲೆ ತೆಂಗಿನ ಮಡಲು ಹೊದಿಸುತ್ತಿದ್ದರು. "ಆದರೆ ಟೀಚರ್, ನಮ್ಮ ಆಚೆಮನೆಯವರಿಗೆ ಬಾವಿ ಇಲ್ಲ, ಸುರಂಗದ ನೀರು. ಅದನ್ನು ಹೇಗೆ ಮುಚ್ಚುವುದು?" ಎಂದು ಕೇಳಿದಳು. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ನೀರು ಹರಿದು ಬರುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಗೇರು ತೋಟ ಗುಡ್ಡದ ಮೇಲೆ, ಮನೆಗಳು ಕೆಳಗೆ. ಮೇಲೆ ಬಿದ್ದದ್ದು ಮಳೆಗೆ ಕೆಳಗೆ ಇಳಿಯಲೇಬೇಕು. ಹದಿಮೂರು ವರ್ಷದ ಹುಡುಗಿ ಆ ಪ್ರಶ್ನೆಯನ್ನು ತಾನಾಗಿಯೇ ಕೇಳಿದಳು. ಯಾವ ಪ್ರಬಂಧ ಮಾಲೆಯಲ್ಲೂ ಅದು ಇಲ್ಲ.

ಗೇರಿನ ಚಿಗುರು, ಹೂವಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದೂ ವಿಜ್ಞಾನವೇ, ಲ್ಯಾಬಿನಲ್ಲಿ ತಯಾರಾದದ್ದು. ಪಡ್ರೆಯ ಕಡೆ ಚಿಕಿತ್ಸೆ ಕೊಡುತ್ತಿದ್ದ ಡಾ. ಮೋಹನ್ ಕುಮಾರ್ ತಮ್ಮ ರೋಗಿಗಳನ್ನು ಗಮನಿಸಿ, ಒಂದೇ ಜಾಗದಲ್ಲಿ ಇಷ್ಟೊಂದು ಕಾಯಿಲೆ ಯಾಕೆ ಎಂದು ಕೇಳಿದರಲ್ಲ, ಅದೂ ವಿಜ್ಞಾನ. ನೋಡುವುದು, ಲೆಕ್ಕ ಇಡುವುದು, ಕಾರಣ ಹುಡುಕುವುದು. 2011ರ ಏಪ್ರಿಲಿನಲ್ಲಿ ಅಪಾಯಕಾರಿ ರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಈ ವಿಷವನ್ನು ನಿಲ್ಲಿಸಲು ತೀರ್ಮಾನಿಸಿದವು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆ ಹಾಕಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಎಂದು 2017ರ ಜನವರಿಯಲ್ಲಿ ಅದೇ ಕೋರ್ಟು ಹೇಳಿತು. ಇಷ್ಟು ಗೊತ್ತಾದ ಮೇಲೆ ವರವೋ ಶಾಪವೋ ಎಂಬ ಪ್ರಶ್ನೆಯೇ ಸಾಲುವುದಿಲ್ಲ. ಸಿಂಪಡಿಸಲು ಹೇಳಿದವರು ಯಾರು? ಮೊದಲು ಗಮನಿಸಿದವರು ಯಾರು? ಗಮನಿಸಿದವರ ಮಾತು ಕೇಳಲು ಇಷ್ಟು ವರ್ಷ ಯಾಕೆ ಬೇಕಾಯಿತು? ಮಕ್ಕಳು ಇದನ್ನು ಬರೆಯಬಲ್ಲರು. ನಾವು ಕೇಳಬೇಕು.

ಈಗ ನೀತಿಯ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನನಗೆ ಬೇಸರ ಜಾಸ್ತಿ.

'ನೈತಿಕ ಮೌಲ್ಯಗಳು' ಎಂಬ ವಿಷಯಕ್ಕೆ ನನ್ನ ಹತ್ತಿರ ಬರುವ ಒಂಬತ್ತನೇ ತರಗತಿಯ ಹುಡುಗನೊಬ್ಬ ವಾಲಿಯ ಬಗ್ಗೆ ಬರೆದ. ಅವನ ಮಾವ ಹವ್ಯಾಸಿ ಅರ್ಥಧಾರಿ. ಸಣ್ಣದರಿಂದಲೂ ಮಾವನ ಜೊತೆ ತಾಳಮದ್ದಳೆಗೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನಕ್ಕೆ, ಹೋಗಿ ಚಾಪೆಯ ಮೇಲೆ ಕೂತು ಕೇಳಿದವನು. ಅವನ ಪ್ರಬಂಧ ಶುರುವಾಗುವುದೇ ಹೀಗೆ: "ರಾಮ ಮರದ ಮರೆಯಲ್ಲಿ ನಿಂತು ವಾಲಿಗೆ ಬಾಣ ಬಿಟ್ಟದ್ದು ಸರಿಯೋ ಎಂದು ನಮ್ಮ ಊರಿನಲ್ಲಿ ಪ್ರತಿ ವರ್ಷ ಚರ್ಚೆ ಆಗುತ್ತದೆ. ಇನ್ನೂ ಮುಗಿದಿಲ್ಲ." ಆಮೇಲೆ ವಾಲಿಯ ವಾದ, ರಾಮನ ಉತ್ತರ, ಕೊನೆಗೆ ತನ್ನ ಅಭಿಪ್ರಾಯ. ವಾಲಿಯ ಕಡೆಗೆ ಸ್ವಲ್ಪ ವಾಲಿದ್ದ, ನಿಜ. ತಿದ್ದಿದವರು ಕೆಂಪು ಶಾಯಿಯಲ್ಲಿ 'ವಿಷಯಾಂತರ' ಎಂದು ಬರೆದು ಅಂಕ ಕತ್ತರಿಸಿದ್ದರು. ಪ್ರಾಮಾಣಿಕತೆ, ಸಹನೆ, ಗುರುಹಿರಿಯರಲ್ಲಿ ಭಕ್ತಿ ಎಂದು ಪಟ್ಟಿ ಮಾಡಿದವನಿಗೆ ಹೆಚ್ಚು ಅಂಕ. ಯಾವ ಶಾಲೆ ಎಂದು ಹೇಳುವುದಿಲ್ಲ. ಅದು ಮುಖ್ಯವೂ ಅಲ್ಲ, ಇದು ಎಲ್ಲ ಕಡೆ ಆಗುವಂಥದ್ದೇ.

ಆ ಹುಡುಗ ವಿಷಯ ಬಿಟ್ಟು ಹೋಗಿದ್ದನೇ? ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡ ತೆಗೆದು ನೋಡಿ. ವಾಲಿ ಬಿದ್ದಲ್ಲಿಂದಲೇ ಒಂದೊಂದಾಗಿ ಕೇಳುತ್ತಾನೆ. ನಾನು ಬೇರೆಯವನ ಜೊತೆ ಹೋರಾಡುತ್ತಿದ್ದೆ, ನೀನು ಮರೆಯಿಂದ ಹೊಡೆದೆ. ನಿನಗೆ ನಾನು ಏನು ಕೇಡು ಮಾಡಿದ್ದೆ? ಸೀತೆಗಾಗಿಯಾದರೆ ನನ್ನನ್ನೇ ಕೇಳಬಹುದಿತ್ತು, ಒಂದೇ ದಿನದಲ್ಲಿ ಕರೆತಂದು ಕೊಡುತ್ತಿದ್ದೆ. ರಾಮನಿಗೂ ಉತ್ತರವಿದೆ. ಈ ಭೂಮಿ ಇಕ್ಷ್ವಾಕು ವಂಶದ್ದು, ಭರತ ಆಳುತ್ತಿದ್ದಾನೆ, ಅವನ ಪರವಾಗಿ ದಂಡಿಸಿದ್ದೇನೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದು ನಿನ್ನ ಅಪರಾಧ. ಮೃಗವನ್ನು ಬೇಟೆಗಾರ ಮರೆಯಿಂದ ಹೊಡೆಯುವುದು ತಪ್ಪಲ್ಲ. ಕೊನೆಯ ಉತ್ತರ ಮಕ್ಕಳಿಗೆ ಯಾವತ್ತೂ ಒಪ್ಪಿಗೆಯಾಗುವುದಿಲ್ಲ. "ಮೃಗ ಆದರೆ ಧರ್ಮ ತಪ್ಪಿದ ಎಂದು ದಂಡಿಸುವುದು ಹೇಗೆ ಟೀಚರ್?" ಎಂದು ಕೇಳುತ್ತಾರೆ. ಎಂಥಾ ಪ್ರಶ್ನೆ ನೋಡಿ!

ಯಕ್ಷಗಾನದಲ್ಲಿ ರಾಮಾಯಣದ ಪ್ರಸಂಗಗಳು ಎಂದರೆ ಮೊದಲು ನೆನಪಾಗುವುದು ಕುಂಬಳೆಯ ಪಾರ್ತಿಸುಬ್ಬ. ಆ ಪ್ರಸಂಗಗಳು ಅವನದೇ ಹೌದೋ ಎಂದು ದೊಡ್ಡ ವಿದ್ವಾಂಸರ ನಡುವೆ ವಾದ ನಡೆದದ್ದೂ ಉಂಟು, ಅದು ಇಲ್ಲಿ ಬೇಡ. ಭಾಗವತರು ಪದ ಹಾಡುತ್ತಾರೆ. ಅರ್ಥಧಾರಿಗೆ ಬರೆದುಕೊಟ್ಟ ಮಾತಿಲ್ಲ, ಅಲ್ಲೇ ಕಟ್ಟಿ ಆಡಬೇಕು. ಎದುರಿನವನು ಏನು ಕೇಳುತ್ತಾನೆ ಎಂದು ಮೊದಲೇ ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿ ಬೆಳೆದ ಊರು ನಮ್ಮದು. ನೀತಿಯನ್ನು ಎರಡೂ ಕಡೆಯಿಂದ ವಾದಿಸಿ ತೋರಿಸುವ ಕಲೆ ದೇವಸ್ಥಾನದ ಅಂಗಳದಲ್ಲಿ, ಮದುವೆ ಮನೆಯ ಚಪ್ಪರದಲ್ಲಿ ಸಿಗುವಾಗ ಮಕ್ಕಳ ಹತ್ತಿರ ಗುಣಗಳ ಪಟ್ಟಿ ಯಾಕೆ ಬರೆಸುತ್ತೇವೆ?

ಇದರಿಂದ ಮಕ್ಕಳು ಊರಿನ ಬಾವಿಯೊಳಗೇ ಉಳಿಯುತ್ತಾರೆ ಎಂದು ಒಬ್ಬ ಅಧ್ಯಾಪಕರು ಹೇಳಿದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ವಾಲಿಯ ಕೈ ಹಿಡಿದು ಎಷ್ಟು ದೂರ ಹೋಗಬಹುದು ನೋಡಿ. ಸಂಸ್ಕೃತ ನಾಟಕ ಎಂದರೆ ಮಕ್ಕಳಿಗೆ ಶಾಕುಂತಲ ಒಂದೇ. ಉಂಗುರ ಕಳೆದುಹೋಯಿತು, ಮೀನಿನ ಹೊಟ್ಟೆಯಲ್ಲಿ ಸಿಕ್ಕಿತು, ಮುಗಿಯಿತು. ಕಾಳಿದಾಸನೇ ಹೊಗಳಿದ ಭಾಸನ ನಾಟಕಗಳು ನೂರಾರು ವರ್ಷ ಯಾರ ಕೈಗೂ ಸಿಕ್ಕಿರಲಿಲ್ಲ. ತಾಳೆಗರಿಯಲ್ಲಿ, ಮಲಯಾಳ ಲಿಪಿಯಲ್ಲಿದ್ದ 13 ನಾಟಕಗಳನ್ನು ಟಿ. ಗಣಪತಿ ಶಾಸ್ತ್ರಿಗಳು ಹುಡುಕಿ 1912ರಿಂದ ತಿರುವನಂತಪುರದಲ್ಲಿ ಅಚ್ಚು ಹಾಕಿಸಿದರು. ಎಲ್ಲವೂ ಭಾಸನವೇ ಎಂದು ಎಲ್ಲರೂ ಒಪ್ಪುವುದಿಲ್ಲ. ಅವುಗಳಲ್ಲಿ ಒಂದಾದ ಅಭಿಷೇಕ ನಾಟಕದ ಮೊದಲ ಅಂಕದಲ್ಲೇ ವಾಲಿ ರಂಗದ ಮೇಲೆ ಸಾಯುತ್ತಾನೆ. ರಂಗದ ಮೇಲೆ ಸಾವು ತೋರಿಸಬಾರದು ಎನ್ನುವ ನಾಟ್ಯಶಾಸ್ತ್ರದ ನಿಯಮ ದಾಟಿದ ನಾಟಕ ಅದು. ಸಂಸ್ಕೃತ ನಾಟಕಗಳನ್ನು ಆಡುವ ಕೇರಳದ ಹಳೆಯ ರಂಗಕಲೆ ಕೂಡಿಯಾಟ್ಟದಲ್ಲಿ ಆ ಅಂಕವನ್ನು ಬಾಲಿವಧಂ ಎಂದು ಆಡುತ್ತಾರೆ. ಒಂದು ಕಡೆ ಕೂಡಿಯಾಟ್ಟದ ಬಾಲಿ, ಇನ್ನೊಂದು ಕಡೆ ಯಕ್ಷಗಾನದ ವಾಲಿ. ಎರಡನ್ನೂ ತಮ್ಮದೇ ಎಂದು ನೋಡಿ ತಿಳಿಯುವ ಅವಕಾಶ ಬೆಂಗಳೂರಿನ ಮಗುವಿಗಿಲ್ಲ, ತಿರುವನಂತಪುರದ ಮಗುವಿಗೂ ಇಲ್ಲ. ನಮ್ಮ ಮಕ್ಕಳಿಗಿದೆ.

ಮಂಜೇಶ್ವರದ ಗೋವಿಂದ ಪೈಗಳ ಬಗ್ಗೆ ಬರೆಸುವಾಗಲೂ ಇಷ್ಟೇ. 1883ರಲ್ಲಿ ಹುಟ್ಟು, 1963ರಲ್ಲಿ ಸಾವು, ರಾಷ್ಟ್ರಕವಿ. ಅಲ್ಲಿಗೆ ಪುಟ ತುಂಬುತ್ತದೆ. ಕೊಂಕಣಿ ಮನೆಮಾತಿನ ಅವರು ಮಂಜೇಶ್ವರದಲ್ಲಿ ಕೂತು ಏಸುವಿನ ಕೊನೆಯ ದಿನವನ್ನೂ ಬುದ್ಧನ ಕೊನೆಯ ದಿನವನ್ನೂ ಕನ್ನಡದಲ್ಲಿ ಕಾವ್ಯವಾಗಿ ಬರೆದರು. ಏಕಲವ್ಯನ ಮೇಲೆ 'ಹೆಬ್ಬೆರಳು' ಎಂಬ ನಾಟಕ ಬರೆದರು. ಗುರುಭಕ್ತಿಯ ಬಗ್ಗೆ ಪ್ರಬಂಧ ಬೇಕಿದ್ದರೆ, ದ್ರೋಣ ಕೇಳಿದ್ದು ಸರಿಯೋ ಎಂದು ಕೇಳಿ. ಮಕ್ಕಳು ಎದ್ದು ಕೂರುತ್ತಾರೆ.

ಸಂವಿಧಾನದ ಪ್ರಬಂಧದ ಬಗ್ಗೆ ನಾಲ್ಕೇ ಮಾತು. ಎಲ್ಲರೂ ಅಂಬೇಡ್ಕರರ ಹೆಸರು ಬರೆಯುತ್ತಾರೆ, ಬರೆಯಲೇಬೇಕು. ಆದರೆ ಸಂಸತ್ತು ಸಂವಿಧಾನದ ಮೂಲ ಸ್ವರೂಪವನ್ನು ಬದಲಿಸುವಂತಿಲ್ಲ ಎಂದು 1973ರ ಏಪ್ರಿಲ್ 24ರಂದು 13 ನ್ಯಾಯಾಧೀಶರ ಪೀಠ 7-6ರ ಬಹುಮತದಲ್ಲಿ ಹೇಳಿದ ಕೇಸು ಚೆರ್ಕಳದ ಹತ್ತಿರದ ಎಡನೀರು ಮಠದ್ದು. ಮಠದ ಭೂಮಿಯ ವಿಷಯದಲ್ಲಿ ಕೇರಳ ಸರಕಾರದ ವಿರುದ್ಧ ಕೋರ್ಟಿಗೆ ಹೋದವರು ಕೇಶವಾನಂದ ಭಾರತೀ ಸ್ವಾಮಿಗಳು. ಯಕ್ಷಗಾನ ಎಂದರೆ ಜೀವ ಬಿಡುತ್ತಿದ್ದ ಅದೇ ಸ್ವಾಮಿಗಳು. ಆ ಮಠದ ಎದುರಿನ ರಸ್ತೆಯಲ್ಲೇ ಬಸ್ಸಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಇದು ಗೊತ್ತಿಲ್ಲ.

ಆಕಾಶದ ಕಥೆಯೂ ಬೇರೆ ಅಲ್ಲ. ಹಳೆಯ ಪ್ರಬಂಧ ಮಾಲೆಯಿಂದ ಇಳಿಸಿದ ಮಕ್ಕಳು ಈಗಲೂ ಸೌರಮಂಡಲದಲ್ಲಿ 9 ಗ್ರಹ ಎಂದು ಬರೆದು ತರುತ್ತಾರೆ. ಪ್ಲೂಟೋವನ್ನು ಆ ಪಟ್ಟಿಯಿಂದ ತೆಗೆದದ್ದು 2006ರಲ್ಲಿ. ಧ್ರುವ ನಕ್ಷತ್ರ ಎಲ್ಲಕ್ಕಿಂತ ಹೊಳೆಯುವ ನಕ್ಷತ್ರ ಎಂದೂ ಬರೆಯುತ್ತಾರೆ. ಅದು ಸಾಧಾರಣ ಹೊಳಪಿನದು. ಇದನ್ನೆಲ್ಲ ತಿದ್ದಿ ಹೇಳಿಕೊಡುವುದಕ್ಕಿಂತ ಅಂಗಳಕ್ಕೆ ಕರೆದುಕೊಂಡು ಹೋಗುವುದು ಸುಲಭ ಅನಿಸಿತು.

ಅಡಿಕೆ ಒಣಗಿಸುವ ಅಂಗಳ ನಮ್ಮಲ್ಲಿ ದೊಡ್ಡದು. ಜನವರಿ, ಫೆಬ್ರವರಿಯಲ್ಲಿ ರಾತ್ರಿ ಆಕಾಶ ಒಳ್ಳೆ ಶುಭ್ರ. ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಬಿಗಿದರೆ ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಉತ್ತರಕ್ಕೆ ಮುಖ ಮಾಡಿ ದಿಗಂತದಿಂದ ಒಂದು ಮುಷ್ಟಿ, ಮೇಲೆ ಇನ್ನೊಂದು ಸ್ವಲ್ಪ. ಅಲ್ಲಿ ಧ್ರುವ. ನಮ್ಮ ಮನೆಯಲ್ಲಂತೂ ಅಡಿಕೆ ಮರಗಳ ಸಂದಿಯಲ್ಲಿ ಹುಡುಕಬೇಕು, ಅಷ್ಟು ಕೆಳಗೆ. ಕಾಸರಗೋಡಿನ ಅಕ್ಷಾಂಶ 12.5 ಡಿಗ್ರಿ. ಧ್ರುವ ಇರುವ ಎತ್ತರವೂ ಸುಮಾರು ಅಷ್ಟೇ. ಭೂಗೋಳದ ಪುಸ್ತಕದಲ್ಲಿ ಓದಿದ ಒಂದು ಸಂಖ್ಯೆ ತಮ್ಮ ಮುಷ್ಟಿಯಲ್ಲೇ ಸಿಕ್ಕಿದಾಗ ಮಕ್ಕಳ ಮುಖ ನೋಡಬೇಕು ನೀವು. ತಿರುಗಿ ದಕ್ಷಿಣಕ್ಕೆ ನೋಡಿದರೆ ಎರಡೂವರೆ ಮುಷ್ಟಿ ಎತ್ತರದಲ್ಲಿ ಅಗಸ್ತ್ಯ. ರಾತ್ರಿಯ ಆಕಾಶದಲ್ಲಿ ಲುಬ್ಧಕ ಬಿಟ್ಟರೆ ಅತಿ ಹೊಳಪಿನ ನಕ್ಷತ್ರ ಅದು. ದಿಲ್ಲಿಯಲ್ಲಿ ಅದು ದಿಗಂತದಿಂದ ಒಂದು ಮುಷ್ಟಿಯಷ್ಟೂ ಮೇಲೇರುವುದಿಲ್ಲ. "ಹಾಗಾದರೆ ಭೂಮಿ ಬಗ್ಗಿದೆ ಅಂತ ಇಲ್ಲೇ ಗೊತ್ತಾಗುತ್ತದಲ್ಲ" ಎಂದಳು ಒಬ್ಬಳು. ಅವಳ ಪ್ರಬಂಧಕ್ಕೆ ಬೇರೆ ಪೀಠಿಕೆ ಬೇಕೇ?

2019ರ ಡಿಸೆಂಬರ್ 26ರ ಸೂರ್ಯಗ್ರಹಣವನ್ನು ನೆನಪಿಸಿಕೊಳ್ಳಿ. ಚಂದ್ರ ಸ್ವಲ್ಪ ದೂರದಲ್ಲಿದ್ದು ಸಣ್ಣದಾಗಿ ಕಂಡ ಕಾರಣ ಸೂರ್ಯನನ್ನು ಪೂರ್ತಿ ಮುಚ್ಚಲಾಗದೆ ಸುತ್ತ ಬೆಂಕಿಯ ಬಳೆ ಉಳಿಯಿತು. ಬೆಳಗ್ಗೆ ಒಂಬತ್ತೂವರೆ ಆಗುವ ಮೊದಲು, ಸುಮಾರು ಮೂರು ನಿಮಿಷ. ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ ಎಂದು ದೂರದೂರದಿಂದ ಜನ ಬಂದರು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬಾಗಿಲು ಹಾಕಿ ಮಕ್ಕಳನ್ನು ಒಳಗೆ ಕೂರಿಸಿದ್ದರು. ಯಾರನ್ನೂ ಬೈಯಲು ಇದನ್ನು ಹೇಳುತ್ತಿಲ್ಲ. ಅಜ್ಜಿ ಯಾಕೆ ನೀರಿಗೆ ದರ್ಭೆ ಹಾಕಿದರು, ಎಲೆಗಳ ನೆರಳಿನ ನಡುವೆ ನೆಲದ ಮೇಲೆ ಪುಟ್ಟ ಪುಟ್ಟ ಬಳೆಗಳು ಯಾಕೆ ಬಿದ್ದವು, ಎರಡನ್ನೂ ಒಂದೇ ಪ್ರಬಂಧದಲ್ಲಿ ಕೇಳಬಹುದು. 2027ರ ಆಗಸ್ಟ್ 2ಕ್ಕೆ ಮತ್ತೊಂದು ಸೂರ್ಯಗ್ರಹಣ ಇದೆ, ನಮ್ಮಲ್ಲಿ ಪಾರ್ಶ್ವ ಗ್ರಹಣ. ಮಳೆಗಾಲ, ಮೋಡ ಬಿಟ್ಟರೆ ಕಾಣುತ್ತದೆ. ಗ್ರಹಣದ ಕನ್ನಡಕಕ್ಕೆ ಈಗಿನಿಂದಲೇ ವ್ಯವಸ್ಥೆ ಮಾಡಿದರೆ ಆ ದಿನದ ಬಗ್ಗೆ ಪ್ರತಿ ಮಗುವೂ ತಾನು ಕಂಡದ್ದನ್ನೇ ಬರೆಯಬಹುದು.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಎಂದು ತಿಳಿಯಬೇಡಿ. ಪಾಠ ಮುಗಿಸಬೇಕು. ಓಣಂ ಪರೀಕ್ಷೆ, ಕ್ರಿಸ್‌ಮಸ್ ಪರೀಕ್ಷೆ, ಮಾರ್ಚಿನಲ್ಲಿ ಎಸ್‌ಎಸ್‌ಎಲ್‌ಸಿ. ನಡುವೆ ಕಲೋತ್ಸವ. ಕನ್ನಡ ಮಾಧ್ಯಮ ತರಗತಿಗೆ ಕನ್ನಡ ಬಾರದವರನ್ನು ನೇಮಿಸಿದ್ದಕ್ಕೆ ಮಕ್ಕಳು, ಹೆತ್ತವರು ಬೀದಿಗಿಳಿದದ್ದನ್ನೂ ನಾವು ನೋಡಿದ್ದೇವೆ. ಅದರ ನಡುವೆ ಪ್ರಬಂಧ ಯಾರಿಗೆ ಬೇಕು ಅನಿಸಬಹುದು. ನನಗೆ ಉಲ್ಟಾ ಅನಿಸುತ್ತದೆ. ಅಂಗಡಿ, ಆಫೀಸು ಎಲ್ಲ ಕಡೆ ಬೇರೆ ಭಾಷೆ ಇರುವಾಗ, ಮಗು ಕನ್ನಡದಲ್ಲಿ ತನ್ನ ಸ್ವಂತ ಯೋಚನೆ ಹೇಳುವ ಜಾಗ ಅದೊಂದೇ ಉಳಿದಿರುವುದು. ಅಲ್ಲೂ ಬೇರೆಯವರ ವಾಕ್ಯ ತುಂಬಿದರೆ ಕನ್ನಡ ಎಂದರೆ ಬಾಯಿಪಾಠದ ಭಾಷೆ ಎಂದು ಅವರು ನಂಬುತ್ತಾರೆ. ಈಗ ಮೊಬೈಲಿನಲ್ಲಿ ಕೇಳಿದರೆ ಅರ್ಧ ನಿಮಿಷದಲ್ಲಿ ಪೀಠಿಕೆಯಿಂದ ಉಪಸಂಹಾರದವರೆಗೆ ಪ್ರಬಂಧ ಬರುತ್ತದೆ. 'ವಿಜ್ಞಾನ ವರವೋ ಶಾಪವೋ' ಎಂದು ಕೇಳಿದರೆ ಬರುತ್ತದೆ. 'ಹೆಲಿಕಾಪ್ಟರ್ ಬಂದ ದಿನ ನಿಮ್ಮ ಮನೆಯಲ್ಲಿ ಏನು ಮಾಡಿದರು' ಎಂದರೆ ಅಜ್ಜಿಯ ಹತ್ತಿರವೇ ಹೋಗಬೇಕು.

ಹಾಗಾಗಿ ಕೇಳಿಕೊಳ್ಳುತ್ತೇನೆ. ತರಗತಿಯಲ್ಲಿ ಪ್ರಬಂಧ ಕೊಡುವಾಗ ಒಂದು ವಾರ ಸಮಯ ಕೊಡಿ, ಮನೆಯಲ್ಲಿ ಕೇಳಿ ಬರಲಿ, ನೋಡಿ ಬರಲಿ. ಸ್ಪರ್ಧೆಯಲ್ಲಿ ವಿಷಯ ಅಲ್ಲೇ ಗೊತ್ತಾಗುವುದು, ಸಮಯವೂ ಕಡಿಮೆ. ಅಲ್ಲಿ ಕನಿಷ್ಠ ಒಂದು ವಿಷಯವಾದರೂ ಇಲ್ಲಿನ ಮಗುವೇ ಬರೆಯಬೇಕಾದಂಥದ್ದಿರಲಿ. ಗಾದೆ, ವಚನ ಬರೆದದ್ದಕ್ಕೆ ಅಂಕ ಕೊಡಿ, ಬೇಡ ಎನ್ನುವುದಿಲ್ಲ. ಕಣ್ಣಾರೆ ಕಂಡದ್ದನ್ನು ಬರೆದವರಿಗೆ ಅದಕ್ಕಿಂತ ಜಾಸ್ತಿ ಕೊಡಿ. ಮಗುವಿನ ಅಭಿಪ್ರಾಯ ನಿಮಗೆ ಒಪ್ಪಿಗೆಯಾಗದಿದ್ದರೆ ಬದಿಯಲ್ಲಿ ನಿಮ್ಮ ವಾದ ಬರೆಯಿರಿ, ಅಂಕ ಕತ್ತರಿಸಬೇಡಿ. ಮಾಯಿಪ್ಪಾಡಿಯ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಯಲ್ಲಿ) ಅಧ್ಯಾಪಕರ ತರಬೇತಿ ಇರುವಾಗ ಒಂದು ಮಧ್ಯಾಹ್ನ ಇದಕ್ಕೆಂದೇ ಇಟ್ಟು, ಪ್ರತಿ ಉಪಜಿಲ್ಲೆಯವರೂ ತಮ್ಮ ಊರಿನ ಪ್ರಶ್ನೆಗಳನ್ನು ಬರೆದು ತಂದರೆ ವರ್ಷಕ್ಕೆ ಸಾಕಾಗುವಷ್ಟು ವಿಷಯ ಸಿಗುತ್ತದೆ. ಮಂಜೇಶ್ವರದವರಿಗೆ ಕಡಲು, ಮೀನುಗಾರಿಕೆ ಗೊತ್ತು. ಕುಂಬಳೆಯವರಿಗೆ ಯಕ್ಷಗಾನ ಮೇಳ ಗೊತ್ತು. ಹೊಸದುರ್ಗದವರಿಗೆ ತೆಯ್ಯಂ ಗೊತ್ತು.

ಆ ಮಧ್ಯಾಹ್ನಕ್ಕೆ ನನ್ನನ್ನು ಕರೆದರೆ ಬರುತ್ತೇನೆ. ಮಕ್ಕಳು ಬರೆದ ಪ್ರಬಂಧಗಳನ್ನು, ಅವರ ಹೆತ್ತವರ ಒಪ್ಪಿಗೆ ಪಡೆದು, ಜೊತೆಗೆ ತರುತ್ತೇನೆ. ವಾಲಿಯ ಬಗ್ಗೆ ಬರೆದ ಹುಡುಗ ಈ ವರ್ಷ ಹತ್ತನೇ ತರಗತಿ. ಪ್ರಬಂಧ ಸ್ಪರ್ಧೆಗೆ ಈ ಸಲವೂ ಹೆಸರು ಕೊಟ್ಟಿದ್ದಾನೆ. ಅವನ ಮಾವನನ್ನೂ ಕರೆಸಬಹುದು, ಅರ್ಥಗಾರಿಕೆಯ ಒಂದು ಪ್ರಾತ್ಯಕ್ಷಿಕೆ ಕೊಡಲು ಅವರು ಒಪ್ಪಿದ್ದಾರೆ.

ಇಂತು ನಿಮ್ಮ ವಿಶ್ವಾಸಿ,
ಬದಿಯಡ್ಕದ ಕಡೆಯ ಒಬ್ಬ ಟ್ಯೂಷನ್ ಟೀಚರ್